ಸೈಕಲ್ ಒಪ್ಪಿಸಿ ಎಂಬ ಚೀಟಿ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಮಹಾಯುದ್ಧಗಳ ಪಾಠ ಬರುವ ಹೊತ್ತಿಗೆ ಹಿಟ್ಲರ್ ನಮ್ಮ ಮಕ್ಕಳ ತಲೆಯಲ್ಲಿ ಆಗಲೇ ಕೂತಿರುತ್ತಾನೆ. ಗೌರಿಬಿದನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕಟ್ಟುನಿಟ್ಟಿನ ಮೇಷ್ಟ್ರೊಬ್ಬರಿಗೆ ಹಿಟ್ಲರ್ ಎಂಬ ಅಡ್ಡಹೆಸರು ಇಲ್ಲದ ಶಾಲೆ ನಾನು ಕಂಡಿಲ್ಲ. ಬ್ರಿಟಿಷರಿಗೆ ನೀರು ಕುಡಿಸಿದವನು, ನೇತಾಜಿ ಹೋಗಿ ಭೇಟಿಯಾದವನು ಎಂಬ ಮೆಚ್ಚುಗೆಯೂ ಹಿಂದಿನ ಬೆಂಚಿನಲ್ಲಿ ಇದ್ದೇ ಇರುತ್ತದೆ.

ಇದಕ್ಕೆ ಚಿತ್ರಗಳೇ ಮದ್ದು ಅಂತ ಮೊದಮೊದಲು ಅಂದುಕೊಂಡಿದ್ದೆ. ಯಾರದೋ ಪ್ರೊಜೆಕ್ಟರ್ ತಂದು, ಕಿಟಕಿಗೆ ಜಮಖಾನ ಕಟ್ಟಿ, ಹಿಟ್ಲರನ ನಾತ್ಸಿ ಪಕ್ಷ ನಡೆಸಿದ ಶಿಬಿರಗಳ ಹೆಣದ ರಾಶಿಗಳನ್ನು ತೋರಿಸಿದೆ. ಒಬ್ಬಳು ಮಧ್ಯಾಹ್ನದ ಬಿಸಿಯೂಟ ಮುಟ್ಟಲಿಲ್ಲ. ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ಬೈದೆ. ಅದು ಹೆದರಿಕೆಯ ನಗು ಎಂದು ತಿಳಿಯಲು ನನಗೆ ಒಂದೆರಡು ವರ್ಷ ಬೇಕಾಯಿತು. ಮಾರನೇ ದಿನ ‘ಅವರೆಲ್ಲ ಯಾರು?’ ಎಂದು ಕೇಳಿದರೆ ಉತ್ತರ: ‘ಹೆಣಗಳು ಮಿಸ್’. ಅವರಿಗೂ ಒಂದು ಅಂಗಡಿ, ಒಂದು ಶಾಲೆ, ಒಂದು ನಾಯಿಮರಿ ಇತ್ತು ಎನ್ನುವುದು ನನ್ನ ಪಾಠದಲ್ಲಿ ಎಲ್ಲೂ ಬಂದಿರಲಿಲ್ಲ.

ಅಲ್ಲಿಂದಾಚೆ ನಾನು ಶುರುಮಾಡುವುದು ಹಿಟ್ಲರ್ ಅಧಿಕಾರಕ್ಕೆ ಬಂದ 1933ರಿಂದ. ಹಳೇ ಉತ್ತರ ಪತ್ರಿಕೆಗಳ ಖಾಲಿ ಬದಿ ಕತ್ತರಿಸಿ, ಚೀಟಿಗೊಂದು ಆದೇಶ ಬರೆದಿಟ್ಟುಕೊಂಡಿದ್ದೇನೆ. 1933ರ ಏಪ್ರಿಲ್ 1: ಯಹೂದಿಗಳ ಅಂಗಡಿಗೆ ಹೋಗಬೇಡಿ. ಆರು ದಿನ ಬಿಟ್ಟು: ಯಹೂದಿಗಳಿಗೆ ಸರ್ಕಾರಿ ನೌಕರಿ ಇಲ್ಲ, ಮೇಷ್ಟ್ರಾದರೂ ಅಷ್ಟೇ. 1935ರ ಸೆಪ್ಟೆಂಬರ್: ಪೌರತ್ವ ಇಲ್ಲ, ಜರ್ಮನ್ನರ ಜತೆ ಮದುವೆ ಇಲ್ಲ. 1938ರ ಆಗಸ್ಟ್: ಹೆಸರಿಗೆ ಗಂಡಾದರೆ ‘ಇಸ್ರೇಲ್’, ಹೆಣ್ಣಾದರೆ ‘ಸಾರಾ’ ಸೇರಿಸಿಕೊಳ್ಳಿ. ಅದೇ ನವೆಂಬರ್: ಯಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಬರಕೂಡದು. 1939: ರೇಡಿಯೊ ಒಪ್ಪಿಸಿ. 1941: ಎದೆಗೆ ಹಳದಿ ನಕ್ಷತ್ರ ಹೊಲಿದುಕೊಳ್ಳಿ. 1942: ನಾಯಿ ಬೆಕ್ಕು ಸಾಕುವಂತಿಲ್ಲ. ಅದೇ ವರ್ಷ: ಸೈಕಲ್ ತಂದು ಒಪ್ಪಿಸಿ.

ಯಾವ ಚೀಟಿಯಲ್ಲೂ ‘ಕೊಲ್ಲು’ ಎಂಬ ಮಾತಿಲ್ಲ. ಎಲ್ಲವನ್ನೂ ಗೋಡೆಗೆ ಅಂಟಿಸಿ ಕೇಳುತ್ತೇನೆ: ನಿಮ್ಮ ಮನೆಗೆ ಇವು ಒಂದೊಂದಾಗಿ ಬರುತ್ತಿದ್ದರೆ ಯಾವ ಚೀಟಿಗೆ ಊರು ಬಿಡುತ್ತೀರಿ?

ಒಂದು ವರ್ಷ ಒಬ್ಬಳು ಎದ್ದು, ಸೈಕಲ್ ಚೀಟಿಗೆ ಎಂದಳು. ಎಂಟನೇ ತರಗತಿಗೆ ಸರ್ಕಾರಿ ಸೈಕಲ್ ಸಿಗುತ್ತಿದ್ದ ಕಾಲ ಅದು. ಐದು ಕಿಲೋಮೀಟರ್ ತುಳಿದು ಬರುತ್ತಿದ್ದ ಹುಡುಗಿ. ‘ಸೈಕಲ್ ಹೋದ್ರೆ ನಮ್ಮಪ್ಪ ಸ್ಕೂಲ್ ಬಿಡಿಸ್ತಾರೆ ಮಿಸ್.’ ಹಿಂದಿನಿಂದ ಒಬ್ಬ, ‘ನಿನ್ ಸ್ಕೂಲು ನಾಕು ವರ್ಷದ ಹಿಂದೇನೇ ಹೋಯ್ತಲ್ಲೇ, ಆ ಚೀಟಿ ನೋಡು’ ಅಂದ. ನಗಬೇಕೆಂದೇ ಹೇಳಿದ್ದ, ಯಾರೂ ನಗಲಿಲ್ಲ. ಆಮೇಲೆ ಇನ್ನೊಬ್ಬಳು ಕೇಳಿದ್ದು, ‘ಬಿಟ್ಟು ಹೋಗೋದಾದ್ರೂ ಎಲ್ಲಿಗೆ?’

ಅದಕ್ಕೆ ಪಠ್ಯಪುಸ್ತಕದ ಆಚೆ ಹೋಗಬೇಕು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳು ಈ ನಿರಾಶ್ರಿತರ ವಿಚಾರಕ್ಕೇ ಸೇರಿದ್ದವು. ಎಲ್ಲರೂ ಪಾಪ ಅಂದರು. ದೊಡ್ಡ ಸಂಖ್ಯೆಯಲ್ಲಿ ಬನ್ನಿ ಎಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಒಂದೇ. ಇಷ್ಟು ಹೇಳಿದ ಮೇಲೆ, ನಾತ್ಸಿಗಳು ಕೊಂದ ಯಹೂದಿಗಳ ಲೆಕ್ಕವಾಗಿ 60 ಲಕ್ಷ ಎಂಬ ಅಂಕಿ ಬರೆಯುತ್ತೇನೆ. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರು ಹನ್ನೆರಡೂವರೆ ಲಕ್ಷ. ಭಾಗಾಕಾರ ಅವರೇ ಮಾಡಿಕೊಳ್ಳುತ್ತಾರೆ. ಚಿತ್ರ ತೋರಿಸುವುದಿಲ್ಲ.

ಸ್ವಸ್ತಿಕದ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಹೊಸ್ತಿಲ ಮೇಲಿನದು ನಾತ್ಸಿಗಳಿಗಿಂತ ಸಾವಿರಾರು ವರ್ಷ ಹಳೆಯದು, ಅವರ ಪಕ್ಷ ಅದನ್ನು ಬಾವುಟಕ್ಕೆ ಎತ್ತಿಕೊಂಡದ್ದು 1920ರಲ್ಲಿ. ಎರಡು ನಿಮಿಷದ ಉತ್ತರ, ಮುಂದಕ್ಕೆ ಹೋಗಬಹುದು.

ಹೆಚ್ಚು ಹೊತ್ತು ಹಿಡಿಯುವುದು ವಿದುರಾಶ್ವತ್ಥ. ನಮ್ಮ ತಾಲ್ಲೂಕಿನ ಜಾಗ, ನಾಗರಕಲ್ಲುಗಳ ನಡುವೆ ಮಕ್ಕಳೆಲ್ಲ ಓಡಾಡಿದವರೇ. 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಚಳವಳಿಯ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಹತ್ತು, ಊರವರ ಲೆಕ್ಕದಲ್ಲಿ ಮೂವತ್ತಕ್ಕೂ ಮೇಲೆ. ‘ಅದೂ ಜನಾಂಗಹತ್ಯೆನಾ ಮಿಸ್?’ ಅಲ್ಲ. 1944ರಲ್ಲಿ ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲ ಆ ಪದ ಕಟ್ಟಿದ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದಕ್ಕೆ ಕಾನೂನಿನ ಅರ್ಥ ಕೊಟ್ಟಿತು: ಒಂದು ಗುಂಪನ್ನು, ಆ ಗುಂಪು ಎಂಬ ಕಾರಣಕ್ಕೇ, ಪೂರ್ತಿಯಾಗಿಯೋ ಭಾಗಶಃವೋ ಇಲ್ಲವಾಗಿಸುವ ಉದ್ದೇಶ. ವಿದುರಾಶ್ವತ್ಥದಲ್ಲಿ ಸಭೆ ಚದುರಿಸಬೇಕಿತ್ತು, ಬಾಯಿ ಮುಚ್ಚಿಸಬೇಕಿತ್ತು, ಕುಲ ಅಳಿಸಬೇಕಿರಲಿಲ್ಲ. ಹಾಗೆಂದರೆ ‘ಹಾಗಾದ್ರೆ ನಮ್ಮೋರು ಸತ್ತಿದ್ದು ಸಣ್ಣದಾ?’ ಎಂದು ಮುಖ ಸಣ್ಣ ಮಾಡುತ್ತಾರೆ. ಪದ ಬೇರೆಯಾದರೆ ಸಾವು ಸಣ್ಣದಾಗುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಬಸ್ಸು ಮಗುಚಿದರೂ ‘ಮಾರಣಹೋಮ’ ಎಂದು ತಲೆಬರಹ ಹಾಕುವ ನಮ್ಮ ಪತ್ರಿಕೆಗಳು ಈ ಕೆಲಸವನ್ನು ಇನ್ನಷ್ಟು ಕಷ್ಟ ಮಾಡಿವೆ.

ನನ್ನನ್ನು ತಬ್ಬಿಬ್ಬು ಮಾಡಿದ ಪ್ರಶ್ನೆ ಬೇರೆ. ಆಫ್ರಿಕಾದ ರುವಾಂಡಾ ದೇಶದ ಗುರುತಿನ ಚೀಟಿಯ ಮಾತು ಬಂದಿತ್ತು. ಅದನ್ನು ಆಳುತ್ತಿದ್ದ ಬೆಲ್ಜಿಯನ್ನರು 1930ರ ದಶಕದಲ್ಲಿ ಆ ಚೀಟಿಯಲ್ಲಿ ಹುಟು, ಟುಟ್ಸಿ ಎಂದು ಜನಾಂಗದ ಹೆಸರು ಬರೆಸಿದರು. 1994ರಲ್ಲಿ ಹುಟು ಉಗ್ರರು ರಸ್ತೆ ತಡೆದು ಅದೇ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು, ಸತ್ತದ್ದು ನೂರು ದಿನದಲ್ಲಿ ಸುಮಾರು 8 ಲಕ್ಷ ಜನ. ನಾತ್ಸಿಗಳ ಹಿಡಿತದಲ್ಲಿದ್ದ ಆಮ್‌ಸ್ಟರ್‌ಡ್ಯಾಮಿನಲ್ಲೂ ಜನಸಂಖ್ಯಾ ದಾಖಲೆಯಲ್ಲಿ ಧರ್ಮದ ಕಾಲಂ ಇತ್ತು. ಅದನ್ನು ಸುಡಲೆಂದೇ 1943ರ ಮಾರ್ಚ್ 27ರಂದು ಕೆಲವರು ಕಚೇರಿಗೆ ನುಗ್ಗಿದರು. ಮುಂದಿನ ಸಾಲಿನ ಹುಡುಗಿ ಕೇಳಿದಳು: ‘ನಮ್ಮ ಅಡ್ಮಿಷನ್ ರಿಜಿಸ್ಟರ್‌ನಲ್ಲೂ ಜಾತಿ ಕಾಲಂ ಇದೆಯಲ್ಲ ಮಿಸ್?’

ಇದೆ. ಅದೇ ಕಾಲಂನಿಂದ ಅವಳಿಗೆ ವಿದ್ಯಾರ್ಥಿವೇತನ ಬರುತ್ತದೆ, ಹಾಸ್ಟೆಲ್ ಸೀಟು ಸಿಗುತ್ತದೆ. ತಲತಲಾಂತರದಿಂದ ಬಾಗಿಲಾಚೆ ನಿಲ್ಲಿಸಿದವರನ್ನು ಒಳಗೆ ಕರೆಯಲು ಬರೆದ ಕಾಲಂ ಅದು, ಹೊರಗೆ ಹಾಕಲು ಬರೆದದ್ದಲ್ಲ ಎಂದೆ. ‘ಬರಕೊಂಡಿರೋರು ಬದಲಾದ್ರೆ?’ ಎಂದಳು. ಸಂವಿಧಾನ, ಕೋರ್ಟು, ಚುನಾವಣೆ ಎಂದು ಪೌರನೀತಿಯ ಪಾಠವನ್ನೆಲ್ಲ ಹೇಳಿದೆ. ತಲೆಯಾಡಿಸಿದಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಕೆಲವು ವಾರದ ಮೇಲೆ ಪರೀಕ್ಷೆಯ ಅರ್ಜಿ ತುಂಬಿಸುತ್ತಿದ್ದೆ. ಅವಳ ಸರದಿ ಬಂತು. ಜಾತಿಯ ಕಾಲಂಗೆ ಬಂದಾಗ ನನ್ನ ಪೆನ್ನು ಒಂದು ಗಳಿಗೆ ನಿಂತಿತು. ಅವಳು ಅದನ್ನು ಗಮನಿಸಿ ನಕ್ಕಳು. ‘ಬರೀರಿ ಮಿಸ್, ಸ್ಕಾಲರ್‌ಶಿಪ್‌ಗೆ ಬೇಕಲ್ಲ.’