ಒಂದೇ ಊರಿಗೆ ಎರಡು ಹೆಸರು: ಅಲ್‌ಸ್ಟರ್ ಜಮೀನಿನ ಹಳೇ ಲೆಕ್ಕ

ಉತ್ತರ ಐರ್ಲೆಂಡಿನಲ್ಲಿ ಒಂದು ಊರಿದೆ. ಕ್ಯಾಥೊಲಿಕರಲ್ಲಿ ಹೆಚ್ಚಿನವರು ಅದನ್ನು ಡೆರ್ರಿ ಅನ್ನುತ್ತಾರೆ, ಪ್ರೊಟೆಸ್ಟೆಂಟರಲ್ಲಿ ಬಹಳ ಮಂದಿ ಲಂಡನ್‌ಡೆರ್ರಿ ಅನ್ನುತ್ತಾರೆ. ರಸ್ತೆ ಬೋರ್ಡುಗಳಲ್ಲಿ ‘ಲಂಡನ್’ ಅನ್ನುವಷ್ಟು ಭಾಗಕ್ಕೆ ಮಾತ್ರ ಯಾರೋ ಬಣ್ಣ ಬಳಿದಿರುವುದು ಅಲ್ಲಿ ಮಾಮೂಲಿ. ದೂರದಿಂದ ನೋಡುವ ನಮಗೆ ಇದು ಧರ್ಮದ ಜಗಳ. ಆದರೆ ಹಳೇ ಕಾಗದ ಬಿಚ್ಚಿದರೆ ಮೊದಲು ಕೈಗೆ ಸಿಗುವುದು ಜಮೀನಿನ ಲೆಕ್ಕ.

1607ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಉತ್ತರ ಭಾಗವಾದ ಅಲ್‌ಸ್ಟರ್ ಪ್ರಾಂತ್ಯದ ದೊಡ್ಡ ಒಡೆಯರಾದ ಹ್ಯೂ ಓನೀಲ್ ಮತ್ತು ರೋರಿ ಓಡೊನೆಲ್ ಹಡಗು ಹತ್ತಿ ಯುರೋಪಿಗೆ ಹೊರಟುಹೋದರು. ಇಂಗ್ಲೆಂಡಿನ ಜೊತೆ ಒಂಬತ್ತು ವರ್ಷ ಕಾದಾಡಿ ಸೋತಿದ್ದರು. ಮರಳಿ ಬರಲೇ ಇಲ್ಲ. ಅವರ ಜಮೀನು ಇಂಗ್ಲೆಂಡಿನ ರಾಜನ ವಶವಾಯಿತು. ಅದನ್ನು ಉಳುತ್ತಿದ್ದ ಜನ ಮಾತ್ರ ಅಲ್ಲೇ ಇದ್ದರು.

ಆಮೇಲೆ ಬಂದದ್ದು ‘ಪ್ಲಾಂಟೇಶನ್’. ಸಸಿ ನೆಟ್ಟ ಹಾಗೆ ಹೊರಗಿನ ಜನರನ್ನು ತಂದು ನೆಲೆಗೊಳಿಸುವ ಯೋಜನೆ. 1610ರಿಂದ ಅಲ್‌ಸ್ಟರ್‌ನ ಆರು ಕೌಂಟಿಗಳ (ಅಂದರೆ ಜಿಲ್ಲೆಗಳ) ಜಮೀನನ್ನು 1,000, 1,500, 2,000 ಎಕರೆಗಳ ಪಾಲು ಮಾಡಿ ಹಂಚಿದರು. ದೊಡ್ಡ ಪಾಲು ಹಿಡಿದ ಇಂಗ್ಲಿಷ್, ಸ್ಕಾಟಿಷ್ ಜಮೀನ್ದಾರರು ಪ್ರತಿ 1,000 ಎಕರೆಗೆ 24 ಗಂಡಸರನ್ನು ತಮ್ಮ ನಾಡಿನಿಂದ ತರಬೇಕಿತ್ತು. ರಾಜನೇ ಚರ್ಚಿಗೂ ಮುಖ್ಯಸ್ಥ ಅಂತ ಪ್ರಮಾಣ ಮಾಡಬೇಕಿತ್ತು. ಪೋಪರನ್ನು ನಂಬುವ ಕ್ಯಾಥೊಲಿಕ್ ಆ ಪ್ರಮಾಣ ಮಾಡುವುದಾದರೂ ಹೇಗೆ? ಜಮೀನಿನ ಕರಾರಿನೊಳಗೆ ಧರ್ಮ ಬಂದು ಕೂತದ್ದು ಹೀಗೆ. ಊರಿನವರಿಗೂ ಒಂದಷ್ಟು ಜಮೀನು ಸಿಕ್ಕಿತು, ಸುಳ್ಳಲ್ಲ. ಆದರೆ ಅವರು ಕಟ್ಟಬೇಕಾದ ಕಂದಾಯ ಹೊರಗಿನಿಂದ ಬಂದವರ ಎರಡು ಪಟ್ಟು.

ಡೆರ್ರಿ ಲಂಡನ್ನಿನ ವ್ಯಾಪಾರಿ ಸಂಘಗಳ ಪಾಲಾಯಿತು. 1613ರಲ್ಲಿ ಹೆಸರಿನ ಮುಂದೆ ‘ಲಂಡನ್’ ಸೇರಿತು. ಆಗ ಊರ ಸುತ್ತ ಎದ್ದ ಗೋಡೆ ಇವತ್ತಿಗೂ ನಿಂತಿದೆ.

ಯೋಜನೆ ಕಾಗದದಲ್ಲಿದ್ದ ಹಾಗೆ ನಡೆಯಲಿಲ್ಲ. ಬೇಕಾದಷ್ಟು ಜನ ಬರಲಿಲ್ಲ. ಐರಿಷ್ ಒಕ್ಕಲುಗಳನ್ನು ಎಬ್ಬಿಸಬೇಕು ಅಂತ ಕರಾರಿದ್ದರೂ, ಜಾಸ್ತಿ ಗೇಣಿ ಸಿಗುತ್ತದೆ ಅಂತ ಹಲವು ಜಮೀನ್ದಾರರು ಅವರನ್ನೇ ಉಳಿಸಿಕೊಂಡರು. ಅಜ್ಜಂದಿರು ಉತ್ತ ಹೊಲಕ್ಕೇ ಗೇಣಿ ಕೊಟ್ಟು, ನಾಳೆ ಎಬ್ಬಿಸಿದರೆ ಏನು ಗತಿ ಅನ್ನುವ ಭಯದಲ್ಲೇ ಒಂದು ತಲೆಮಾರು ಬದುಕಿತು.

1641ರ ಅಕ್ಟೋಬರ್‌ನಲ್ಲಿ ಐರಿಷ್ ಕ್ಯಾಥೊಲಿಕರು ದಂಗೆ ಎದ್ದರು. ನವೆಂಬರ್‌ನಲ್ಲಿ ಪೋರ್ಟಡೌನ್ ಸೇತುವೆಯಿಂದ ಸುಮಾರು ನೂರು ಪ್ರೊಟೆಸ್ಟೆಂಟರನ್ನು, ಹೆಂಗಸರು ಮಕ್ಕಳ ಸಮೇತ, ಬ್ಯಾನ್ ನದಿಗೆ ತಳ್ಳಿದರು. ಜನವರಿಯಲ್ಲಿ ಐಲೆಂಡ್‌ಮೆಗೀಯಲ್ಲಿ ಕ್ಯಾಥೊಲಿಕ್ ಕುಟುಂಬಗಳ ಕೊಲೆಯಾಯಿತು.

ಬದುಕಿ ಓಡಿಬಂದವರು ಕೊಟ್ಟ ಹೇಳಿಕೆಗಳು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿವೆ, ಸುಮಾರು 8,000. ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸರು ಹೋದ ಹಸು ಎಷ್ಟು, ಕಾಳು ಎಷ್ಟು, ಯಾರಿಂದ ಎಷ್ಟು ಸಾಲ ಬರಬೇಕಿತ್ತು ಅಂತ ಒಂದೊಂದಾಗಿ ಬರೆಸಿದ್ದಾರೆ. ದೋಚಿದವರ ಹೆಸರೂ ಇದೆ. ಎಷ್ಟೋ ಕಡೆ ಅವರು ಪರಿಚಯದವರೇ, ಅಕ್ಕಪಕ್ಕದವರೇ. ಕಣ್ಣಾರೆ ಕಂಡದ್ದರ ಜೊತೆಗೆ ಅವರಿವರಿಂದ ಕೇಳಿದ್ದೂ ಸೇರಿಕೊಂಡಿದೆ. ಲಂಡನ್ನಿನಲ್ಲಿ ಅಚ್ಚಾಗುವ ಹೊತ್ತಿಗೆ ಸತ್ತವರ ಲೆಕ್ಕ 3 ಲಕ್ಷಕ್ಕೆ ಹೋಗಿತ್ತು. ಐರ್ಲೆಂಡಿನಲ್ಲಿ ಅಷ್ಟು ಪ್ರೊಟೆಸ್ಟೆಂಟರೇ ಇರಲಿಲ್ಲ. ಈಗಿನ ಇತಿಹಾಸಕಾರರ ಅಂದಾಜು ಕೆಲವು ಸಾವಿರ. ಆ ಕೆಲವು ಸಾವಿರವೇ ಸಾಕಷ್ಟು ಭೀಕರ, ಅಲ್ವಾ? ಅದನ್ನು ಊದಿಸಬೇಕಿರಲಿಲ್ಲ.

ದಂಗೆ ಅಡಗಿಸುವ ಸೇನೆಗೆ ದುಡ್ಡು ಬೇಕಿತ್ತು. ಸಾಲ ಕೊಟ್ಟವರಿಗೆ ಐರ್ಲೆಂಡಿನ ಜಮೀನು ಕೊಡುವುದಾಗಿ 1642ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕಾನೂನು ಮಾಡಿತು. ಯುದ್ಧ ಗೆಲ್ಲುವ ಮೊದಲೇ ಹೊಲ ಅಡವಿಟ್ಟಾಗಿತ್ತು. 1649ರಲ್ಲಿ ಆ ಪಾರ್ಲಿಮೆಂಟಿನ ಸೇನಾಪತಿ ಕ್ರಾಮ್‌ವೆಲ್‌ನ ಸೇನೆ ಬಂದಿಳಿಯಿತು. ದ್ರೋಹಡಾ, ವೆಕ್ಸ್‌ಫರ್ಡ್ ಪಟ್ಟಣಗಳಲ್ಲಿ ಸೈನಿಕರ ಜೊತೆ ಊರ ಜನರೂ ಸತ್ತರು. 1652ರ ಕಾನೂನು ಸಾಲದ ಲೆಕ್ಕ ಚುಕ್ತಾ ಮಾಡಿತು. ಕ್ಯಾಥೊಲಿಕ್ ಜಮೀನ್ದಾರರು ಪಶ್ಚಿಮದ ಕಾನಾಟ್, ಕ್ಲೇರ್ ಕಡೆಗೆ ಗಂಟುಮೂಟೆ ಕಟ್ಟಬೇಕಾಯಿತು. 1641ರಲ್ಲಿ ದೇಶದ ಜಮೀನಿನ ಸುಮಾರು ಶೇ. 60 ಕ್ಯಾಥೊಲಿಕರ ಕೈಯಲ್ಲಿತ್ತು. 1703ರಲ್ಲಿ ಉಳಿದದ್ದು ಸುಮಾರು ಶೇ. 14.

ಉಳಿದದ್ದನ್ನು ಬೇಗ ಹೇಳಬಹುದು. 1689ರಲ್ಲಿ ಡೆರ್ರಿಯ ಪ್ರೊಟೆಸ್ಟೆಂಟರು ಅದೇ ಗೋಡೆಯೊಳಗೆ ಕ್ಯಾಥೊಲಿಕ್ ರಾಜ ಜೇಮ್ಸ್‌ನ ಸೇನೆಯ ಮುತ್ತಿಗೆಯನ್ನು 105 ದಿನ ತಡೆದುಕೊಂಡರು, ಹಲವರು ಹಸಿವಿನಿಂದ ಸತ್ತರು. ಮರುವರ್ಷ ಬಾಯ್ನ್ ಯುದ್ಧದಲ್ಲಿ ಪ್ರೊಟೆಸ್ಟೆಂಟ್ ರಾಜ ವಿಲಿಯಂ ಜೇಮ್ಸ್‌ನನ್ನು ಸೋಲಿಸಿದ; ಅದರ ನೆನಪಿಗೆ ಈಗಲೂ ಪ್ರತಿ ಜುಲೈ 12ಕ್ಕೆ ಪ್ರೊಟೆಸ್ಟೆಂಟರ ಮೆರವಣಿಗೆ ಹೊರಡುತ್ತದೆ. 1921ರಲ್ಲಿ ಐರ್ಲೆಂಡ್ ದ್ವೀಪ ಎರಡಾಯಿತು, ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆಗೇ ಉಳಿಯಿತು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು.

1969ರಲ್ಲಿ ಬೆಲ್‌ಫಾಸ್ಟ್‌ನ ಎರಡು ಪಂಗಡಗಳ ಬೀದಿಗಳ ನಡುವೆ ತಾತ್ಕಾಲಿಕ ಅಂತ ತಡೆಗೋಡೆ ಹಾಕಿದರು. 1998ರಲ್ಲಿ ಶಾಂತಿ ಒಪ್ಪಂದವಾಯಿತು. ಕೆಲವು ಗೋಡೆಗಳ ಗೇಟನ್ನು ಆಮೇಲೂ ರಾತ್ರಿ ಹಾಕುತ್ತಲೇ ಬಂದಿದ್ದಾರೆ, ಬೆಳಗಾದ ಮೇಲೆ ತೆಗೆಯುತ್ತಾರೆ.