ಮಾರ್ಕೆಟ್ ಡೇಟಾ ಲೈಸೆನ್ಸ್: ನಾನು ಎಡವಿದ ಒಂದು ಎಕ್ಸೆಲ್ ಶೀಟ್

ಬೆಂಗಳೂರಿನ ಒಂದು ಕಂಪನಿಯ ಮಾರ್ಕೆಟ್ ಡೇಟಾ ಟೀಮಿನಲ್ಲಿ ಇಂಟರ್ನ್ ಆಗಿ ಸೇರಿ ಆರು ವಾರ ಆಯಿತು. ಎಂ.ಕಾಂ.ನಲ್ಲಿ ಷೇರುಪೇಟೆ ಓದಿದ್ದೆ. ಆದರೆ ಷೇರಿನ ಹಾಗೆ ಅದರ ಬೆಲೆಯ ಅಂಕಿಯನ್ನೂ ಮಾರುತ್ತಾರೆ ಅಂತ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಮುಂದಿನ ಬ್ಯಾಚಿನವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ನನಗೇ ಮರೆತುಹೋಗದಿರಲಿ ಅಂತ.

ಮೊದಲು ಸುಲಭದ್ದು

ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ತನ್ನ ಡೇಟಾವನ್ನು ಎನ್‌ಎಸ್‌ಇ ಡೇಟಾ ಅಂಡ್ ಅನಲಿಟಿಕ್ಸ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತದೆ. ಇದರ ಹಳೆಯ ಹೆಸರು ಡಾಟ್‌ಎಕ್ಸ್ ಇಂಟರ್‌ನ್ಯಾಷನಲ್. ಹಳೆ ಫೈಲಿನಲ್ಲಿ ಆ ಹೆಸರು ಕಂಡರೆ ಬೇರೆ ಕಂಪನಿ ಅಂದುಕೊಳ್ಳಬೇಡಿ. ಡೇಟಾ ಹಂತ ಹಂತವಾಗಿ ಸಿಗುತ್ತದೆ. ಲೆವೆಲ್ 1ರಲ್ಲಿ ಕೊಳ್ಳುವವರ, ಮಾರುವವರ ಅತ್ಯುತ್ತಮ ಬೆಲೆ ಮಾತ್ರ ಸಿಗುತ್ತದೆ. ಲೆವೆಲ್ 2ರಲ್ಲಿ ಎರಡೂ ಕಡೆಯ ಬೆಲೆಗಳ 5 ಸಾಲು, ಲೆವೆಲ್ 3ರಲ್ಲಿ 20 ಸಾಲು. ಟಿಕ್-ಬೈ-ಟಿಕ್‌ನಲ್ಲಿ ಒಂದೊಂದು ಆರ್ಡರ್ ಕೂಡ ಬರುತ್ತದೆ. 15 ನಿಮಿಷ ತಡವಾಗಿ ಬರುವ ಡೇಟಾ ಅಗ್ಗ. ಕೆ.ಆರ್. ಮಾರ್ಕೆಟ್ಟಿನ ಮಲ್ಲಿಗೆ ಥರ: ಬೆಳಗ್ಗೆ ಒಂದು ರೇಟು, ಬಾಡಿದ ಮೇಲೆ ಇನ್ನೊಂದು.

ಎಡವಿದ್ದು ಇಲ್ಲಿ

ಮನುಷ್ಯ ಪರದೆಯ ಮೇಲೆ ನೋಡಿದರೆ ಅದು ಡಿಸ್‌ಪ್ಲೇ ಬಳಕೆ. ಪ್ರೋಗ್ರಾಂ ತಾನೇ ಓದಿಕೊಂಡು ಆರ್ಡರ್ ಹಾಕಿದರೆ, ರಿಸ್ಕ್ ಲೆಕ್ಕ ಹಾಕಿದರೆ ನಾನ್-ಡಿಸ್‌ಪ್ಲೇ. ಎರಡಕ್ಕೂ ಬೇರೆ ಬೇರೆ ಲೈಸೆನ್ಸ್, ಬೇರೆ ಶುಲ್ಕ. ಓದುವಾಗ ಇಷ್ಟೇನಾ ಅನ್ನಿಸಿತ್ತು.

ಆಮೇಲೆ ಒಂದು ಎಕ್ಸೆಲ್ ಶೀಟ್ ನನ್ನ ಟೇಬಲ್ಲಿಗೆ ಬಂತು. ಅದು ಯಾವ ಬಳಕೆ, ಎಷ್ಟು ಜನ ಅಂತ ನಾನು ರಿಪೋರ್ಟಿನಲ್ಲಿ ಬರೆಯಬೇಕಿತ್ತು. ಬಿ ಕಾಲಂನಲ್ಲಿ 12 ಷೇರುಗಳ ಲೈವ್ ಬೆಲೆ, ಸಿ ಕಾಲಂನಲ್ಲಿ ಎಷ್ಟು ಷೇರು, ಡಿ ಕಾಲಂನಲ್ಲಿ ಗುಣಾಕಾರ, ಕೆಳಗೆ ಮೊತ್ತ. ಬಳಸುವವರು ಒಬ್ಬರೇ. ನಾನು ಸಲೀಸಾಗಿ ‘ಡಿಸ್‌ಪ್ಲೇ, 1’ ಅಂತ ಬರೆದು ಕಳಿಸಿದೆ.

ನಮ್ಮ ಮೇಡಂ ನನ್ನ ಪಕ್ಕ ಬಂದು ನಿಂತರು. “ಈ ಶೀಟು ಬಳಸೋರ ಕುರ್ಚಿ ಖಾಲಿ ಇದೆ ಅಂದ್ಕೊಳಪ್ಪ. ಅವ್ರು ಊಟಕ್ಕೆ ಹೋಗಿದಾರೆ. ಆಗ ಈ ಶೀಟು ಏನ್ ಮಾಡ್ತಿರುತ್ತೆ?”

ನೋಡಿದರೆ ಒಂದು ಮ್ಯಾಕ್ರೊ (ಶೀಟಿನೊಳಗೆ ತಾನೇ ಓಡುವ ಪುಟ್ಟ ಪ್ರೋಗ್ರಾಂ) ಐದೈದು ನಿಮಿಷಕ್ಕೆ ಆ ಮೊತ್ತವನ್ನು ರಿಸ್ಕ್ ಸಿಸ್ಟಮ್‌ಗೆ ಕಳಿಸುತ್ತಿತ್ತು. ಮಿತಿ ದಾಟಿದರೆ ಹೊಸ ಆರ್ಡರ್ ನಿಲ್ಲುತ್ತಿತ್ತು. ಅಂದರೆ ನಾನ್-ಡಿಸ್‌ಪ್ಲೇ. ಸರಿ ಅಂತ ‘ಡಿಸ್‌ಪ್ಲೇ’ ಅಳಿಸಿದೆ. ಅದೂ ತಪ್ಪು! ಊಟ ಮುಗಿಸಿ ಬಂದವರು ಬೆಲೆಯನ್ನು ಕಣ್ಣಾರೆ ನೋಡುತ್ತಾರಲ್ವಾ? ಒಂದೇ ಶೀಟು, ಎರಡು ಬಳಕೆ, ರಿಪೋರ್ಟಿನಲ್ಲಿ ಎರಡು ಸಾಲು. ಇದೋ ಅದೋ ಅಂತ ಆರಿಸಬೇಕು ಅಂದುಕೊಂಡಿದ್ದೇ ನನ್ನ ತಪ್ಪು.

ಅವತ್ತಿನಿಂದ ಯಾವ ಅಪ್ಲಿಕೇಶನ್ ಬಂದರೂ ಖಾಲಿ ಕುರ್ಚಿ ಪ್ರಶ್ನೆ ಮೊದಲು. ಕುರ್ಚಿ ಖಾಲಿಯಾದಾಗ ಕೆಲಸವೂ ನಿಂತರೆ ಡಿಸ್‌ಪ್ಲೇ ಮಾತ್ರ. ಕೆಲಸ ನಡೆಯುತ್ತಲೇ ಇದ್ದರೆ ನಾನ್-ಡಿಸ್‌ಪ್ಲೇ ಇದೆ ಅಂತ ಗುಮಾನಿ ಪಡಬೇಕು. ಅಲ್ಲಿ ತಲೆ ಎಣಿಸಿ ಪ್ರಯೋಜನವಿಲ್ಲ, ಉದ್ದೇಶ ನೋಡಬೇಕು. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ನಾನ್-ಡಿಸ್‌ಪ್ಲೇ ಬಳಕೆಯನ್ನು ಮೂರು ವರ್ಗ ಮಾಡಿದೆ: ಸ್ವಂತಕ್ಕೆ, ಗ್ರಾಹಕರ ಪರವಾಗಿ, ವಹಿವಾಟಿನ ವೇದಿಕೆ ನಡೆಸಲು.

ಅದೇ ಶೀಟಿನ ಎರಡನೇ ಏಟು

ಆ ಮೊತ್ತವನ್ನು ಗ್ರಾಹಕರಿಗೂ ತೋರಿಸಬಹುದಾ ಅಂತ ಪ್ರಶ್ನೆ ಬಂತು. ಅದು ಡಿರೈವ್ಡ್ ಡೇಟಾ, ಅಂದರೆ ಮೂಲ ಬೆಲೆಯಿಂದ ಲೆಕ್ಕ ಹಾಕಿ ಹುಟ್ಟಿಸಿದ ಹೊಸ ಅಂಕಿ, ಆದ್ದರಿಂದ ತೊಂದರೆಯಿಲ್ಲ ಅಂದೆ. ಪರೀಕ್ಷೆ ಹೀಗಿದೆ: ಹೊಸ ಅಂಕಿಯಿಂದ ಮೂಲ ಬೆಲೆಯನ್ನು ವಾಪಸ್ ತೆಗೆಯೋಕೆ ಆಗಬಾರದು, ಮೂಲದ ಬದಲಿಗೆ ಅದನ್ನು ಬಳಸುವಂತೆಯೂ ಇರಬಾರದು.

ಒಂದೇ ಸಾಲು ನೋಡಿ: 500 ಷೇರು, ಬೆಲೆ ₹1,520. ಗುಣಿಸಿದರೆ ₹7,60,000. ಗ್ರಾಹಕರಿಗೆ ತಮ್ಮ ಹತ್ತಿರ 500 ಷೇರಿದೆ ಅಂತ ಗೊತ್ತೇ ಇದೆ. ಭಾಗಿಸಿದರೆ ₹1,520 ಕೈಗೆ ಬಂತು! ಇದು ಡಿರೈವ್ಡ್ ಅಲ್ಲ, ನೀರು ಬೆರೆಸಿದ ಹಾಲು, ಅಷ್ಟೇ. 12 ಷೇರುಗಳ ಒಟ್ಟು ಮೊತ್ತ ಮಾತ್ರ ಕೊಟ್ಟರೆ ಅದರೊಳಗಿಂದ ಒಂದೊಂದು ಬೆಲೆ ತೆಗೆಯೋಕೆ ಆಗದು. ಇಲ್ಲಿಗೆ ಅರ್ಥವಾಯಿತು ಅಂದುಕೊಂಡೆ. ಆಗ ಮೇಡಂ ಕೇಳಿದರು: “ಒಂದೇ ಒಂದು ಷೇರು ಇಟ್ಕೊಂಡಿರೋ ಗ್ರಾಹಕರಿಗೆ?” ಫಾರ್ಮುಲಾ ಅದೇ, ಕೋಡ್ ಅದೇ. ಆದರೆ ಅವರಿಗೆ ಹೋಗುವುದು ಮೂಲ ಬೆಲೆಯೇ. ಹಾಗಾಗಿ ಫಾರ್ಮುಲಾ ಮಾತ್ರ ನೋಡಿ ಷರಾ ಬರೆಯಬೇಡಿ, ಹೊರಗೆ ಹೋಗುವ ಅಂಕಿ ನೋಡಿ.

ಇನ್ನೊಂದು ಕಡೆ ಜಾರಬಹುದು. ಷೇರುಪೇಟೆ ಸೂಚ್ಯಂಕ ನಿಫ್ಟಿ 50 ಕೂಡ 50 ಷೇರುಗಳಿಂದ ಹುಟ್ಟಿದ ಅಂಕಿಯೇ. ಹಾಗಂತ ಪುಕ್ಕಟೆ ಅಲ್ಲ. ಅದರ ಮೇಲೆ ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದ) ಕಟ್ಟಬೇಕಾದರೆ ಬೇರೆ ಲೈಸೆನ್ಸ್ ಬೇಕು. 2018ರ ಫೆಬ್ರವರಿಯಲ್ಲಿ ನಮ್ಮ ಎಕ್ಸ್‌ಚೇಂಜ್‌ಗಳು ಒಟ್ಟಾಗಿ, ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಇಂಥ ಲೈಸೆನ್ಸ್ ನಿಲ್ಲಿಸುತ್ತೇವೆ ಎಂದವು. ಆಗ ಸಿಂಗಾಪುರದಲ್ಲಿ ನಿಫ್ಟಿ ಫ್ಯೂಚರ್ಸ್ ಜೋರಾಗಿ ನಡೆಯುತ್ತಿತ್ತು. ಜಗಳ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ 2023ರ ಜುಲೈ 3ರಿಂದ ಅದೇ ವಹಿವಾಟು ಗಿಫ್ಟ್ ನಿಫ್ಟಿ ಆಗಿ ಗುಜರಾತಿನ ಗಿಫ್ಟ್ ಸಿಟಿಗೆ ಬಂತು.

ಅಂಕಿಗೆ ಒಡೆಯ ಯಾರು

1905ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿಗೆ ಈ ಪ್ರಶ್ನೆ ಬಂದಿತ್ತು. ಷಿಕಾಗೊ ಬೋರ್ಡ್ ಆಫ್ ಟ್ರೇಡ್‌ನ ಬೆಲೆಗಳನ್ನು ಹೊರಗಿನವರು ಬಾಜಿಗೆ ಬಳಸುತ್ತಿದ್ದರು, ಎಕ್ಸ್‌ಚೇಂಜ್‌ನ ಹೊರಗೆ ಬರೀ ಬೆಲೆಯ ಮೇಲೆ ಪಣ ಕಟ್ಟುವ ನಮ್ಮ ಡಬ್ಬಾ ಟ್ರೇಡಿಂಗ್ ಥರವೇ. ಆ ಬೆಲೆಗಳನ್ನು ರಕ್ಷಿಸಿಕೊಳ್ಳುವ ಹಕ್ಕು ಬೋರ್ಡಿಗಿದೆ ಎಂದು ಕೋರ್ಟು ಹೇಳಿತು. ಆದರೆ 2007ರಲ್ಲಿ ಅಲ್ಲಿನದೇ ಮೇಲ್ಮನವಿ ಕೋರ್ಟು, ನ್ಯೂಯಾರ್ಕ್ ಮರ್ಕೆಂಟೈಲ್ ಎಕ್ಸ್‌ಚೇಂಜ್‌ನ ಸೆಟಲ್‌ಮೆಂಟ್ ಬೆಲೆಗೆ (ದಿನದ ಲೆಕ್ಕ ಚುಕ್ತಾ ಮಾಡಲು ಗೊತ್ತುಮಾಡುವ ಬೆಲೆ) ಕಾಪಿರೈಟ್ ಇಲ್ಲ ಎಂದಿತು. ಅದಕ್ಕೇ ಎಲ್ಲರೂ ಒಪ್ಪಂದವನ್ನೇ ನೆಚ್ಚಿಕೊಂಡಿರುವುದು. ಒಪ್ಪಂದದ ವ್ಯಾಖ್ಯೆಗಳ ಪುಟ ಬಿಟ್ಟು ಶುಲ್ಕದ ಪುಟಕ್ಕೆ ಹಾರಬೇಡಿ.

ಡಬ್ಬಾ ಕಥೆ ನಮ್ಮಲ್ಲಿ ಹೊಸ ವೇಷದಲ್ಲಿ ಬಂದಿದೆ. 2024ರ ಮೇ 24ರ ಸುತ್ತೋಲೆಯಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ, ವರ್ಚುವಲ್ ಟ್ರೇಡಿಂಗ್ (ನಿಜವಾದ ಷೇರು ಕೊಳ್ಳದೆ ಆಡುವ) ಆಟಗಳಿಗೆ ಲೈವ್ ಬೆಲೆ ಕೊಡಬಾರದು ಎಂದಿತು.

ತಲೆ ಎಣಿಕೆ

ಡಿಸ್‌ಪ್ಲೇಗೆ ತಲೆ ಎಣಿಸಬೇಕು. ಆದರೆ ಎಷ್ಟು ಜನ ನೋಡಿದರು ಅಂತಲ್ಲ, ಎಷ್ಟು ಜನರಿಗೆ ನೋಡುವ ಅನುಮತಿ ಇದೆ ಅಂತ. ನಾನು ಸುಮ್ನೆ ಲಾಗಿನ್ ದಿನಾಂಕ ನೋಡಿ, ತಿಂಗಳಿಡೀ ತೆರೆಯದ ಮೂರು ಐಡಿಗಳನ್ನು ಪಟ್ಟಿಯಿಂದ ತೆಗೆದಿದ್ದೆ. ಮೂರೂ ವಾಪಸ್ ಸೇರಿದವು. ಬಾಗಿಲು ತೆರೆದಿತ್ತಲ್ಲ, ಒಳಗೆ ಹೋದರೋ ಬಿಟ್ಟರೋ ಲೆಕ್ಕಕ್ಕಿಲ್ಲ. ಮುಚ್ಚಿಸಬೇಕಾದರೆ ಮೊದಲು ಅನುಮತಿ ರದ್ದು ಮಾಡಿಸಬೇಕು. ಅದಕ್ಕಾಗಿ ಆ ಐಡಿಗಳು ಯಾರದು ಅಂತ ಹುಡುಕಿದೆ. ಎರಡು ಬೇರೆ ಟೀಮಿಗೆ ಹೋದವರದು. ಮೂರನೆಯದು ನನಗಿಂತ ಮುಂಚೆ ಇದೇ ಕುರ್ಚಿಯಲ್ಲಿ ಕೂತಿದ್ದ ಇಂಟರ್ನ್‌ದು.