ಮಗು ನೋಡಿಕೊಳ್ಳುವ ಅಕ್ಕ ಅಡ್ವಾನ್ಸ್ ಕೇಳಿದರೆ ಕೊಡಬಹುದಾ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಹತ್ತಿರ ಇದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗುವನ್ನು ನೋಡಿಕೊಳ್ಳುವ ಅಕ್ಕ 20 ಸಾವಿರ ಅಡ್ವಾನ್ಸ್ ಕೇಳಿದ್ದಾರೆ. ಕೊಟ್ಟ ಮೇಲೆ ಕಾಫಿ ಕೊಯ್ಲಿಗೆ ಅಂತ ಬಿಟ್ಟು ಹೋದರೆ?

ಕೊಡಿ. ಆದರೆ ದುಡ್ಡು ಕೊಟ್ಟರೆ ಬಿಟ್ಟು ಹೋಗಲ್ಲ ಅನ್ನುವ ಲೆಕ್ಕಾಚಾರ ಇದ್ದರೆ ಬೇಡ.

ತೋಟದ ಲೈನ್ ಮನೆಗಳಲ್ಲಿ ಇರುವ ಕೂಲಿಯವರಿಗೆ ಮದುವೆಗೋ ಆಸ್ಪತ್ರೆಗೋ ಅಡ್ವಾನ್ಸ್ ಕೊಡುವುದು, ಅದು ತೀರುವ ತನಕ ಬೇರೆ ತೋಟದ ಕಡೆ ತಲೆ ಹಾಕಬಾರದು ಅನ್ನುವುದು, ಇದೆಲ್ಲ ನಮ್ಮ ಕಡೆ ಹೊಸದೇನಲ್ಲ, ಅಲ್ವಾ? ಅದೇ ಚಾಳಿ ಮನೆಗೆಲಸಕ್ಕೂ ಬಂದಿದೆ. ಸಾಲ ತೋರಿಸಿ ಒಬ್ಬರನ್ನು ಬೇರೆ ಕೆಲಸಕ್ಕೆ ಹೋಗದಂತೆ ತಡೆದರೆ 1976ರ ಕಾಯ್ದೆ ಪ್ರಕಾರ ಅದು ಜೀತ, 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆಧಾರ್ ಕಾರ್ಡ್ ತೆಗೆದು ಬೀರುವಿನಲ್ಲಿ ಇಟ್ಟುಕೊಳ್ಳುವ ಯಜಮಾನರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಹೋದರೂ ತಡೆದುಕೊಳ್ಳುವಷ್ಟು ದುಡ್ಡು ಮಾತ್ರ ಕೊಡಿ. ಬಡ್ಡಿ ಹಾಕಬೇಡಿ. ತಿಂಗಳಿಗೆ ಎಷ್ಟು ಮುರಿದುಕೊಳ್ಳಬೇಕು ಅಂತ ಅವರನ್ನೇ ಕೇಳಿ, ಎರಡು ನೋಟ್‌ಬುಕ್‌ನಲ್ಲಿ ಬರೆದು ಒಂದು ಅವರಿಗೇ ಕೊಡಿ. ಓದಲು ಬಾರದಿದ್ದರೆ ಅವರ ಮನೆಯವರ ಎದುರು ಓದಿ ಹೇಳಿ. ಸಂಬಳ ಕನಿಷ್ಠ ವೇತನಕ್ಕಿಂತ ಕಮ್ಮಿ ಇರಬಾರದು. ಕರ್ನಾಟಕ ಮನೆಗೆಲಸಕ್ಕೂ 2004ರಲ್ಲೇ ಅದನ್ನು ನಿಗದಿ ಮಾಡಿದೆ, ಈಗಿನ ದರವನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಬಹುದು.

ಇನ್ನು ಕೊಯ್ಲು. ರೊಬಸ್ಟಾ ಕಾಫಿ ಹಣ್ಣಾಗುವ ಜನವರಿ, ಫೆಬ್ರವರಿಯಲ್ಲಿ ಕೆಜಿ ಲೆಕ್ಕದ ಕೂಲಿ ಸಿಗುತ್ತದೆ, ಕೈ ಚುರುಕಿರುವವರು ಗಂಡ ಹೆಂಡತಿ ಸೇರಿ ಕುಯ್ದರೆ ನೀವು ಕೊಡುವ ಸಂಬಳಕ್ಕಿಂತ ಜಾಸ್ತಿಯೇ ದುಡಿಯಬಹುದು. ಅದನ್ನು ಬಿಟ್ಟು ನಿಮ್ಮ ಮನೆಗೆ ಯಾಕೆ ಬರಬೇಕು ಹೇಳಿ? ನಾನಾಗಿದ್ದರೂ ಹೋಗುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಬರುವ ಹುತ್ತರಿ ಹಬ್ಬಕ್ಕೆ ಮುಂಚೆಯೇ "ಈ ಸಲ ಕೊಯ್ಲಿಗೆ ಹೋಗ್ತೀರಾ ಅಕ್ಕ?" ಅಂತ ನೇರವಾಗಿ ಕೇಳಿಬಿಡಿ. ಹೋಗುವುದಾದರೆ ಆ ಎರಡು ತಿಂಗಳಿಗೆ ಊರಿಂದ ಅಜ್ಜಿಯನ್ನು ಕರೆಸಿ, ಕೊಯ್ಲು ಮುಗಿದ ಮೇಲೆ ಕೆಲಸ ಇದ್ದೇ ಇದೆ ಅಂತ ಮಾತು ಕೊಡಿ. ಇಲ್ಲ, ಅವರೇ ಬೇಕು ಅಂದರೆ ಆಗ ಸಂಬಳ ಏರಿಸಿ. ಸುಮ್ನೆ ಅಡ್ವಾನ್ಸ್ ನೆನಪಿಸುತ್ತಾ ಕೂತರೆ ಮುಖ ಗಂಟು ಹಾಕಿಕೊಂಡು ಮಗು ನೋಡಿಕೊಳ್ಳುತ್ತಾರೆ ಅಷ್ಟೇ.

ನಿಜ ಹೇಳಬೇಕಂದರೆ ಕೆಲಸ ಬಿಡಿಸುವುದು ಬೇರೆ ವಿಷಯಗಳು. ಜುಲೈ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟ ದಿನ ಅವರ ಮಕ್ಕಳೂ ಮನೆಯಲ್ಲೇ ಇರುತ್ತಾರೆ. ಅವತ್ತು ಬರದಿದ್ದರೆ ಸಂಬಳ ಹಿಡಿಯಬೇಡಿ, ಅಥವಾ ಮಕ್ಕಳನ್ನೂ ಕರೆದುಕೊಂಡು ಬನ್ನಿ ಅನ್ನಿ. ನಿಮ್ಮದು ಆನೆ ಓಡಾಡುವ ಜಾಗ ಬೇರೆ. ನೀವು ಬರುವುದು ತಡವಾಗಿ ಕತ್ತಲಾದರೆ ಅವರನ್ನು ನಡೆದು ಹೋಗಲು ಬಿಡಬೇಡಿ, ಗಾಡಿಯಲ್ಲಿ ಮನೆ ಬಾಗಿಲ ತನಕ ಬಿಟ್ಟು ಬನ್ನಿ. ಆ ಹೆಚ್ಚಿನ ಹೊತ್ತಿಗೆ ದುಡ್ಡು ಬೇರೆ ಕೊಡಬೇಕು, ಅಡ್ವಾನ್ಸಿಗೆ ವಜಾ ಮಾಡಿಕೊಳ್ಳುವುದಲ್ಲ.